41 ವರ್ಷ ನಿಂತ ಗಾಡಿಯನ್ನು ಹಾಟ್ ರಾಡ್ ಮಾಡಿದ ಬಗೆ: ಎಂಜಿನ್ ಕೊನೆಗೆ, ಬ್ರೇಕ್ ಮೊದಲು

ಶೆಡ್ಡಿನ ಬಾಗಿಲು ತೆಗೆದ ಕೂಡಲೇ ಎಲ್ಲರೂ ಕೇಳುವ ಮಾತು ಒಂದೇ, "ಸ್ಟಾರ್ಟ್ ಆಗುತ್ತಾ?" ನಾನೂ ಅದನ್ನೇ ಕೇಳಿದ್ದೆ. ಗಾಡಿಯ ಯಜಮಾನರು ನಕ್ಕು, "ಸ್ಟಾರ್ಟ್ ಇರಲಿ, ಮೊದ್ಲು ಉರುಳುತ್ತಾ ನೋಡಪ್ಪ" ಅಂದರು. ಉರುಳಲಿಲ್ಲ. ನಾಲ್ಕು ಚಕ್ರಗಳ ಪೈಕಿ ಮೂರರಲ್ಲಿ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಂಡು ಕೂತಿತ್ತು.

ಅದು 1931ರ ಫೋರ್ಡ್ ಮಾಡೆಲ್ ಎ ಕೂಪೆ. ಇಬ್ಬರು ಕೂರುವ ಪುಟ್ಟ ಗಾಡಿ. 41 ವರ್ಷ ಒಂದೇ ಕಡೆ ನಿಂತಿತ್ತು. ಎಂಜಿನ್‌ನಲ್ಲಿ ನೀರು ಹಾಗೇ ಬಿಟ್ಟಿದ್ದರು. ಯಾವುದೋ ಚಳಿಗಾಲದಲ್ಲಿ ಅದು ಗಡ್ಡೆ ಕಟ್ಟಿ ಬ್ಲಾಕ್ ಉದ್ದಕ್ಕೂ ಸೀಳಿತ್ತು. ಮುಂದಿನ ಮಡ್‌ಗಾರ್ಡ್ ಎರಡೂ ಇಲ್ಲ. ಸೀಟಿನ ತುಂಬ ಇಲಿ ಗೂಡು. ಹಾಗಿದ್ದರಿಂದಲೇ ಅದನ್ನು ಹಾಟ್ ರಾಡ್, ಅಂದರೆ ಭಾರ ಇಳಿಸಿ ಎಂಜಿನ್ ಜೋರು ಮಾಡಿದ ಹಳೆ ಗಾಡಿ, ಮಾಡಲು ನನ್ನ ಮನಸ್ಸು ಒಪ್ಪಿತು.

ಈ ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಸಿಕ್ಕ ಗಾಡಿ ಪೂರ್ತಿಯಾಗಿದ್ದರೆ, ಅದರದ್ದೇ ಎಂಜಿನ್, ಅದರದ್ದೇ ಮಡ್‌ಗಾರ್ಡ್, ಅದರದ್ದೇ ಸೀಟು ಇದ್ದರೆ, ದಯವಿಟ್ಟು ಕತ್ತರಿಸಬೇಡಿ. ಇದ್ದ ಹಾಗೇ ಸರಿಮಾಡಿ ಓಡಿಸಿ. ಹಾಟ್ ರಾಡ್ ಹುಟ್ಟಿದ್ದೇ ಅಳಿದುಳಿದದ್ದರಿಂದ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಅಗ್ಗಕ್ಕೆ ಸಿಗುತ್ತಿದ್ದ ಹಳೆ ಫೋರ್ಡ್‌ಗಳ ಮಡ್‌ಗಾರ್ಡ್ ಕಿತ್ತುಹಾಕಿ, ಭಾರ ಇಳಿಸಿ, ಎಂಜಿನ್ ಹುರಿಗೊಳಿಸಿ ಮುರಾಕ್‌ನಂಥ ಒಣ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. ಗಾಡಿ ಹಗುರ, ಎಂಜಿನ್ ಜೋರು. ಲೆಕ್ಕ ಅಷ್ಟೇ. ಮಾಡೆಲ್ ಎ ಗಾಡಿಗಳನ್ನು ಫೋರ್ಡ್ ಸುಮಾರು 48 ಲಕ್ಷ ಮಾಡಿತ್ತು, ಹಾಗಾಗಿ ಆ ಹುಡುಗರಿಗೆ ಬರ ಇರಲಿಲ್ಲ. ಈಗ ಆ ಕಾಲ ಅಲ್ಲ.

ಶೆಡ್ಡಿನಿಂದ ಹೊರಗೆ ತರುವುದು

ಆತುರ ಬೇಡ. ಗಾಡಿ ಮುಟ್ಟುವ ಮೊದಲು ನಿಂತ ಹಾಗೇ ಫೋಟೊ ತೆಗೆಯಿರಿ. ಸುತ್ತಮುತ್ತ ಬಿದ್ದಿರುವ ತುಕ್ಕು ಹಿಡಿದ ಚೂರು, ಡಬ್ಬದಲ್ಲಿನ ನಟ್ಟು, ಗೋಡೆಗೆ ನೇತುಹಾಕಿದ ತಂತಿ, ಎಲ್ಲವನ್ನೂ ಹೆಕ್ಕಿ ಒಂದು ಪೆಟ್ಟಿಗೆಗೆ ಹಾಕಿಕೊಳ್ಳಿ. ನನ್ನ ಗಾಡಿಯ ಬಾಗಿಲ ಹಿಡಿಕೆ ಮೊಳೆ ತುಂಬಿದ ಡಬ್ಬದ ತಳದಲ್ಲಿ ಸಿಕ್ಕಿತು.

ಇಲಿ ಗೂಡಿದ್ದರೆ ಒಣದಾಗಿ ಗುಡಿಸಬೇಡಿ, ಗಾಳಿ ಪೈಪ್ ಹಿಡಿಯಲೇ ಬೇಡಿ. ಇಲಿ ಹಿಕ್ಕೆಯ ದೂಳಿನಿಂದ ಹಂಟಾ ವೈರಸ್ ಬರಬಹುದು. ಬ್ಲೀಚ್ ಬೆರೆಸಿದ ನೀರು ಚಿಮುಕಿಸಿ, ನೆನೆಯಲು ಬಿಟ್ಟು, ಮಾಸ್ಕ್ ಮತ್ತು ಗ್ಲೌಸ್ ಹಾಕಿ ಎತ್ತಿ ಚೀಲಕ್ಕೆ ತುಂಬಿ.

ಮಾಡೆಲ್ ಎ ಗಾಡಿಯ ಬ್ರೇಕ್ ಪೂರ್ತಿ ಕಬ್ಬಿಣದ ರಾಡುಗಳದ್ದು. ಎಣ್ಣೆ ಇಲ್ಲ, ಪೈಪ್ ಇಲ್ಲ. ಹಾಗಾಗಿ ಚಕ್ರ ಜಾಮ್ ಆಗಿದ್ದರೆ ಮೊದಲು ರಾಡಿನ ಪಿನ್ ಕಳಚಿ ಎಳೆತ ಸಡಿಲ ಮಾಡಿ. ಆಮೇಲೆ ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿ. ಡ್ರಮ್ಮಿನ ಮುಖದ ಮೇಲೆ, ಬೋಲ್ಟುಗಳ ನಡುವೆ, ಸುತ್ತಲೂ ಹದವಾಗಿ ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗಿ. ಅಂಚಿಗೆ ಹೊಡೆದರೆ ಎರಕದ ಡ್ರಮ್ ಒಡೆಯುತ್ತದೆ. ನನ್ನ ಮೂರರಲ್ಲಿ ಎರಡು ಚಕ್ರ ಹೀಗೇ ಬಿಟ್ಟವು. ಹಿಂದಿನ ಎಡಗಡೆಯದು ಬಿಡಲಿಲ್ಲ. ಅದರ ಕೆಳಗೆ ಗಾಲಿ ಹಲಗೆ ಕೊಟ್ಟು ಎಳೆದೆವು.

ಎಳೆಯುವ ಸರಪಳಿಯನ್ನು ಫ್ರೇಮಿಗೆ ಕಟ್ಟಿ. ಬಂಪರಿಗೂ ಆಕ್ಸಲ್ಲಿಗೂ ಬೇಡ. ಗೇರ್ ನ್ಯೂಟ್ರಲ್‌ನಲ್ಲಿ ಇದೆಯಾ ಅಂತ ಎರಡು ಸಲ ನೋಡಿ. ಹಳೆ ಟಯರಿಗೆ ಗಾಳಿ ತುಂಬಿ ಸಾಹಸ ಮಾಡುವ ಬದಲು ಎರವಲು ಚಕ್ರ ತಂದು ಹಾಕಿಕೊಳ್ಳುವುದು ವಾಸಿ. ಹತ್ತು ವರ್ಷ ದಾಟಿದ ರಬ್ಬರು ನೋಡಲು ಎಷ್ಟೇ ಚೆನ್ನಾಗಿರಲಿ, ರಸ್ತೆಗೆ ಅಲ್ಲ.

ಕಾಗದ ಪತ್ರದ ವಿಷಯ ಒಂದೆರಡು ಮಾತು. ಮಾಡೆಲ್ ಎ ಗಾಡಿಯ ಗುರುತಿನ ನಂಬರನ್ನು ಎಂಜಿನ್ ಬ್ಲಾಕಿನ ಎಡಮಗ್ಗುಲಲ್ಲಿ ಗುದ್ದಿರುತ್ತಾರೆ. ಅದೇ ನಂಬರು ಫ್ರೇಮಿನ ಎಡ ಪಟ್ಟಿಯ ಮೇಲೂ ಇರುತ್ತದೆ, ಆದರೆ ಬಾಡಿಯ ಕೆಳಗೆ ಮುಚ್ಚಿಹೋಗಿರುತ್ತದೆ. ಎಂಜಿನ್ ಬದಲಿಸುವವರಿಗೆ ಈ ಎರಡನೆಯದೇ ಆಧಾರ. ಬಾಡಿ ಎತ್ತಿದ ದಿನ ಅಲ್ಲಿ ತಂತಿ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿ ಫೋಟೊ ತೆಗೆದುಕೊಳ್ಳಿ. ಗ್ರೈಂಡರ್ ಹಾಕಬೇಡಿ, ನಂಬರೇ ಹೋಗಿಬಿಡುತ್ತದೆ. ನಿಮ್ಮಲ್ಲಿ ಗಾಡಿ ಮಾರ್ಪಾಡಿಗೆ ಯಾವ ನಿಯಮ ಇದೆಯೋ ಅದನ್ನು ಕತ್ತರಿ ಹಾಕುವ ಮುಂಚೆ ಕೇಳಿಕೊಳ್ಳಿ. ಆಮೇಲೆ ಕೇಳಿದರೆ ಬರುವ ಉತ್ತರ ಯಾರಿಗೂ ಹಿಡಿಸುವುದಿಲ್ಲ.

ಬಿಚ್ಚುವುದು, ಮತ್ತು ತುಕ್ಕು

ಬಾಡಿಯನ್ನು ಫ್ರೇಮಿನಿಂದ ಎತ್ತುವ ಮೊದಲು ಒಳಗಡೆ ಪೈಪ್ ಕೊಟ್ಟು ಬಿಗಿ ಮಾಡಿ. ಬಾಗಿಲ ಸಂದಿಗೆ ಒಂದು ಉದ್ದಪೈಪು, ಮೂಲೆಯಿಂದ ಮೂಲೆಗೆ ಒಂದು, ಎಡಗಡೆಯಿಂದ ಬಲಗಡೆಗೆ ಒಂದು. ಎಲ್ಲವನ್ನೂ ವೆಲ್ಡಿಂಗ್ ಚುಕ್ಕೆ ಕೊಟ್ಟು ಕೂರಿಸಿ. ಕೆಳಭಾಗ ತುಕ್ಕು ತಿಂದ ಬಾಡಿಯನ್ನು ಬಿಗಿ ಇಲ್ಲದೆ ಎತ್ತಿದರೆ ಮಧ್ಯಕ್ಕೆ ಮಡಚಿಕೊಳ್ಳುತ್ತದೆ. ಆಮೇಲೆ ಆ ಬಾಗಿಲು ಜನ್ಮದಲ್ಲಿ ಸರಿಯಾಗಿ ಮುಚ್ಚುವುದಿಲ್ಲ.

ಈ ಕೂಪೆಯ ಚಾವಣಿಯ ನಡುಭಾಗ ತಗಡಿನದ್ದಲ್ಲ. ಮರದ ಪಟ್ಟಿ, ಅದರ ಮೇಲೆ ಜಾಲರಿ, ಮೆತ್ತೆ, ಮೇಲೊಂದು ಬಟ್ಟೆ. ನೀರು ಅಲ್ಲಿಂದಲೇ ಇಳಿಯುವುದು. ಮೊದಲು ಮರ ಕೊಳೆಯುತ್ತದೆ, ಆಮೇಲೆ ಬಾಗಿಲ ತಳ, ಡಿಕ್ಕಿಯ ನೆಲ, ಕೊನೆಗೆ ಬಾಡಿ ಫ್ರೇಮಿನ ಮೇಲೆ ಕೂರುವ ತಳಪಟ್ಟಿ. ಹೊರಗಿನ ಬಣ್ಣ ಹೊಳೆಯುತ್ತಿದ್ದರೂ ತಳಪಟ್ಟಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ನನ್ನ ಗಾಡಿಯಲ್ಲಿ ಚುಚ್ಚಿದ್ದು ಹಿಡಿಯವರೆಗೂ ಒಳಗೆ ಹೋಯಿತು.

ಸಣ್ಣ ಭಾಗಗಳಿಗೆ ನಾನು ಮೆಚ್ಚಿದ ದಾರಿ ಸೋಡಾ ನೀರು ಮತ್ತು ಕರೆಂಟು. ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ತುಂಬಿ, 4 ಲೀಟರಿಗೆ ಒಂದು ದೊಡ್ಡ ಚಮಚದಷ್ಟು ವಾಷಿಂಗ್ ಸೋಡಾ ಕರಗಿಸಿ. ತುಕ್ಕು ಹಿಡಿದ ಭಾಗವನ್ನು ಬ್ಯಾಟರಿ ಚಾರ್ಜರಿನ ಮೈನಸ್‌ಗೆ, ಬೇಡದ ಕಬ್ಬಿಣದ ತುಂಡನ್ನು ಪ್ಲಸ್‌ಗೆ ಕಟ್ಟಿ ಮುಳುಗಿಸಿ. ಎರಡೂ ಒಂದಕ್ಕೊಂದು ತಾಗಬಾರದು. ರಾತ್ರಿ ಕಳೆಯುವಷ್ಟರಲ್ಲಿ ತುಕ್ಕು ಕಪ್ಪು ಕೆಸರಾಗಿ ಬ್ರಷ್ಷಿಗೆ ಬಂದುಬಿಡುತ್ತದೆ, ಒಳ್ಳೆ ಕಬ್ಬಿಣ ಒಂದಿಷ್ಟೂ ಸವೆಯುವುದಿಲ್ಲ. ಗುಳ್ಳೆ ಏಳುವುದು ಹೈಡ್ರೋಜನ್, ಹಾಗಾಗಿ ಟಬ್ಬು ಬಯಲಲ್ಲೇ ಇರಲಿ, ಹತ್ತಿರ ಬೀಡಿ ಬೆಂಕಿ ಬೇಡ. ಪ್ಲಸ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಲೇಬೇಡಿ, ನೀರಿಗೆ ವಿಷಕಾರಿ ಕ್ರೋಮಿಯಂ ಇಳಿಯುತ್ತದೆ. ಅಲ್ಯೂಮಿನಿಯಂ ಭಾಗಗಳನ್ನೂ ಇದರಲ್ಲಿ ಮುಳುಗಿಸಬೇಡಿ, ಕರಗಿಹೋಗುತ್ತವೆ. ಸ್ಪ್ರಿಂಗ್ ಪ್ಲೇಟುಗಳಿಗೂ ಇದು ಆಗದು. ಗಟ್ಟಿ ಉಕ್ಕಿನೊಳಗೆ ಹೈಡ್ರೋಜನ್ ಸೇರಿದರೆ ಅದು ಬಳಪದ ಹಾಗೆ ಮುರಿಯಬಲ್ಲದು. ತೆಗೆದ ಭಾಗ ಒಣಗಿದ ಗಳಿಗೆಗೇ ಮತ್ತೆ ಕೆಂಪಾಗಲು ಶುರು ಮಾಡುತ್ತದೆ, ಅದೇ ದಿನ ಪ್ರೈಮರ್ ಬೀಳಬೇಕು.

ಅಗಲದ ಬಾಡಿ ತಗಡಿಗೆ ಮರಳು ಹೊಡೆಸುವ ಮುಂಚೆ ಯೋಚಿಸಿ. ಮರಳಿನ ಹೊಡೆತಕ್ಕೆ ತಗಡು ಉಬ್ಬಿ ಡಬ್ಬದ ಮುಚ್ಚಳದ ಹಾಗೆ ಟಪ್ ಟಪ್ ಅನ್ನತೊಡಗುತ್ತದೆ. ಫ್ರೇಮಿಗೆ, ಆಕ್ಸಲ್ಲಿಗೆ ಮರಳು ಸರಿ. ಬಾಡಿಗೆ ಬಣ್ಣ ಕರಗಿಸುವ ಪೇಸ್ಟು ಮತ್ತು ತಾಳ್ಮೆ ಸಾಕು. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದನ್ನು ಉಜ್ಜಿ ದೂಳು ಮಾಡಬೇಡಿ.

ಪೆಟ್ರೋಲ್ ಟ್ಯಾಂಕ್ ಈ ಗಾಡಿಯಲ್ಲಿ ಮುಂಗಾಜಿನ ಕೆಳಗೆ, ನಿಮ್ಮ ಮೊಣಕಾಲಿನ ಮುಂದೆಯೇ ಇರುತ್ತದೆ. ಪೆಟ್ರೋಲ್ ಪಂಪ್ ಇಲ್ಲದೆ ತಾನಾಗಿ ಕೆಳಗಿಳಿಯುವ ಏರ್ಪಾಡು. ನಾನು ಅದನ್ನು ಬರಿದಾಗಿ ಬಿಟ್ಟು ಹಿಂದೆ ಹೊಸ ಟ್ಯಾಂಕ್ ಕೂರಿಸಿದೆ. ಹಳೆಯದರ ಹತ್ತಿರ ವೆಲ್ಡಿಂಗೂ ಬೇಡ, ಗ್ರೈಂಡರೂ ಬೇಡ. 40 ವರ್ಷ ಖಾಲಿ ಇದ್ದ ಟ್ಯಾಂಕಿನಲ್ಲೂ ಆವಿ ಕೂತಿರುತ್ತದೆ.

ಫ್ರೇಮ್, ನಾನು ಕೆಡಿಸಿದ್ದು

ಮಾಡೆಲ್ ಎ ಫ್ರೇಮ್ ಅಂದರೆ ಎರಡು ಉದ್ದನೆಯ ಪಟ್ಟಿ. ಅಡ್ಡಕ್ಕೆ ಕತ್ತರಿಸಿ ನೋಡಿದರೆ ಇಂಗ್ಲಿಷ್ ಸಿ ಅಕ್ಷರದ ಹಾಗೆ, ಒಳಮಗ್ಗುಲು ತೆರೆದಿರುತ್ತದೆ. 40 ಕುದುರೆ ಶಕ್ತಿಯ ಎಂಜಿನ್ನಿಗೆ ಅದು ಸಾಕಿತ್ತು. ಅದರ ಎರಡೂವರೆ ಪಟ್ಟು ಶಕ್ತಿ ಕೂರಿಸಿದರೆ ಒದ್ದೆ ಬಟ್ಟೆಯ ಹಾಗೆ ತಿರುಚಿಕೊಳ್ಳುತ್ತದೆ. ಅದಕ್ಕೇ ತೆರೆದ ಮಗ್ಗುಲಿಗೆ 3 ಮಿ.ಮೀ. ಪ್ಲೇಟ್ ಹಾಕಿ ಮುಚ್ಚಿ ಪೆಟ್ಟಿಗೆ ಮಾಡುವುದು.

ಪ್ಲೇಟ್ ಕತ್ತರಿಸಿದೆ, ಕೂರಿಸಿದೆ. ವೆಲ್ಡಿಂಗ್ ನನಗೆ ಗೊತ್ತಿರುವ ಕೆಲಸ, ಕೈ ಓಡುತ್ತಿತ್ತು. ಒಂದೇ ಸಂಜೆ ಎಡಗಡೆಯ ಪಟ್ಟಿಯನ್ನು ಮುಂದಿನಿಂದ ಹಿಂದಿನವರೆಗೂ ಎಳೆದುಬಿಟ್ಟೆ. ಗೆರೆ ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ ಮನೆಯವರನ್ನು ಕರೆದು ತೋರಿಸಿದೆ.

ಬೆಳಿಗ್ಗೆ ಎದ್ದು ಪಟ್ಟಿಯ ಹೊರಮಗ್ಗುಲಿಗೆ ದಾರ ಹಿಡಿದೆ. ದಾರ ನಡುವಿಗೆ ತಾಗಿತು, ಎರಡು ತುದಿಗೆ ತಾಗಲಿಲ್ಲ. ತುದಿಯಲ್ಲಿ 7 ಮಿ.ಮೀ. ಸಂದಿ. ಒಳಮಗ್ಗುಲಿಗೆ ಬಿದ್ದ ಬೆಸುಗೆ ತಣ್ಣಗಾಗುವಾಗ ಕುಗ್ಗಿ, ತುದಿಗಳನ್ನು ಒಳಕ್ಕೆ ಎಳೆದು, ಇಡೀ ಪಟ್ಟಿಯನ್ನು ಬಿಲ್ಲು ಮಾಡಿತ್ತು. ಆ ಗೆರೆಯನ್ನು ಪೂರ್ತಿ ಗ್ರೈಂಡರಿನಲ್ಲಿ ಕೊರೆದು ಪ್ಲೇಟ್ ತೆಗೆಯಲು ಎರಡು ವಾರ ಹಿಡಿಯಿತು. ಮನೆಯವರನ್ನು ಆ ಸಲ ಕರೆಯಲಿಲ್ಲ.

ಸರಿಯಾದ ಕ್ರಮ ಹೀಗೆ. ಫ್ರೇಮನ್ನು ಸಮತಟ್ಟಾದ ಗಟ್ಟಿ ಮೇಜಿಗೆ ಕ್ಲ್ಯಾಂಪ್ ಹಾಕಿ ಬಿಗಿಯಿರಿ. ಎಂಜಿನ್ ಮತ್ತು ಗೇರ್ ಬಾಕ್ಸ್ ಕೂರುವ ಅಡ್ಡಪಟ್ಟಿಗಳನ್ನು ಮೊದಲು ಚುಕ್ಕೆ ಹಾಕಿ ನಿಲ್ಲಿಸಿ. ಮುಂದಿನ ಎಡಮೂಲೆಯಿಂದ ಹಿಂದಿನ ಬಲಮೂಲೆಗೆ ಟೇಪ್ ಹಿಡಿಯಿರಿ, ಆಮೇಲೆ ಇನ್ನೊಂದು ಕರ್ಣ. ಎರಡೂ ಒಂದೇ ಅಳತೆ ಬರಬೇಕು, 2 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮುಂದೆ ಹೋಗಬೇಡಿ. ಆಮೇಲೆ 25 ಮಿ.ಮೀ. ಉದ್ದದ ಒಂದು ಹೊಲಿಗೆ ಹಾಕಿ, ಇನ್ನೊಂದು ಪಟ್ಟಿಗೆ ಹೋಗಿ ಅಷ್ಟೇ ಹಾಕಿ. ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಮೇಲಂಚು, ಒಮ್ಮೆ ಕೆಳಂಚು. ಕೈಯಿಟ್ಟು ನೋಡಿ, ಸುಡುತ್ತಿದ್ದರೆ ಚಹಾ ಕುಡಿದು ಬನ್ನಿ. ಎರಡನೇ ಸಲ ನನಗೆ ಒಂಬತ್ತು ಸಂಜೆ ಬೇಕಾಯಿತು. ದಾರ ನೆಟ್ಟಗೆ ಕೂತಿತು.

ಒಂದು ಎಚ್ಚರಿಕೆ. ಬೆಸುಗೆ ಹಾಕುವ ಜಾಗವನ್ನು ಬ್ರೇಕ್ ಕ್ಲೀನರ್ ಹಾಕಿ ಒರೆಸಬೇಡಿ. ಕ್ಲೋರಿನ್ ಇರುವ ಬಗೆಯದಾದರೆ ವೆಲ್ಡಿಂಗ್ ಬಿಸಿಗೆ ಫಾಸ್ಜೀನ್ ಅನ್ನುವ ವಿಷಗಾಳಿ ಹುಟ್ಟುತ್ತದೆ. ಅಸಿಟೋನ್ ಬಳಸಿ, ಅದು ಪೂರ್ತಿ ಆರಿದ ಮೇಲೇ ಕಿಡಿ ಹಚ್ಚಿ.

ಬ್ರೇಕ್

ರಾಡ್ ಬ್ರೇಕನ್ನು ಸರಿಯಾಗಿ ಹೊಂದಿಸಿದರೆ ಹಳೆ ವೇಗಕ್ಕೆ ಅದು ಕೆಟ್ಟದ್ದೇನಲ್ಲ. ಹಾಟ್ ರಾಡಿಗೆ ಸಾಲದು. ಫೋರ್ಡ್ ತನ್ನ ಗಾಡಿಗಳಿಗೆ ಎಣ್ಣೆ ಬ್ರೇಕ್ ಕೊಟ್ಟಿದ್ದು 1939ರಲ್ಲಿ. 1939ರಿಂದ 48ರವರೆಗಿನ 12 ಇಂಚಿನ ಡ್ರಮ್ ಬ್ರೇಕನ್ನೇ ಹಳೆ ಹುಡುಗರು ಬಿಚ್ಚಿ ತಂದು ಹಾಕಿಕೊಳ್ಳುತ್ತಿದ್ದರು. ನಾನೂ ಹಾಗೇ ಮಾಡಿದೆ. ಮುಂದೆ ಸ್ಪಿಂಡಲ್ ಸಮೇತ, ಹಿಂದೆ ಆಕ್ಸಲ್ ಸಮೇತ.

ಹಿಂದಿನ ಡ್ರಮ್ಮು ಆಕ್ಸಲ್ಲಿನ ಕೋನಾಕಾರದ ತುದಿಗೆ ಬಿಗಿದು ಕೂತಿರುತ್ತದೆ. ಕೀಳಲು ಪುಲ್ಲರ್ ಬೇಕೇಬೇಕು. ನಟ್ಟನ್ನು ಪೂರ್ತಿ ಬಿಚ್ಚಬೇಡಿ, ಮೂರು ಸುತ್ತು ಸಡಿಲಿಸಿ ಅಲ್ಲೇ ಬಿಡಿ. ಡ್ರಮ್ಮು ಬಿಡುವಾಗ ಗುಂಡು ಹೊಡೆದ ಸದ್ದು ಬರುತ್ತದೆ, ನಟ್ಟಿಲ್ಲದಿದ್ದರೆ ಎದೆಗೇ ಬಂದು ಬೀಳುತ್ತದೆ. ಒಳಗಿನ ಹಳೆ ಲೈನರಿನಲ್ಲಿ ಆಸ್ಬೆಸ್ಟಾಸ್ ಇದೆ ಅಂತಲೇ ತಿಳಿದುಕೊಳ್ಳಿ. ಊದಬೇಡಿ, ನೀರು ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ.

ಪೆಡಲ್ ತುಳಿದಾಗ ಎಣ್ಣೆಯನ್ನು ಪೈಪಿಗೆ ಒತ್ತುವ ಮಾಸ್ಟರ್ ಸಿಲಿಂಡರ್ ಹಳೆಯದು ಹಾಕಬೇಡಿ. ಅದರಲ್ಲಿ ಒಂದೇ ಕೋಣೆ, ಎಲ್ಲಾದರೂ ಒಂದು ಕಡೆ ಎಣ್ಣೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಎರಡು ಕೋಣೆಯ ಹೊಸದು ತನ್ನಿ. ಇನ್ನೊಂದು ವಿಷಯ ತುಂಬ ಜನ ಮರೆಯುತ್ತಾರೆ. ಮಾಸ್ಟರ್ ಸಿಲಿಂಡರ್ ಕಾಲಡಿಯಲ್ಲಿ, ಚಕ್ರದ ಸಿಲಿಂಡರಿಗಿಂತ ತಗ್ಗಿನಲ್ಲಿ ಕೂತರೆ ಎಣ್ಣೆ ಮೆಲ್ಲಗೆ ವಾಪಸ್ ಇಳಿದುಬಿಡುತ್ತದೆ. ಪೆಡಲ್ ಮೊದಲ ಸಲ ತುಳಿದಾಗ ಸೀದಾ ನೆಲಕ್ಕೆ ಹೋಗುತ್ತದೆ, ಎರಡನೇ ಸಲಕ್ಕೆ ಹಿಡಿಯುತ್ತದೆ. ರಸ್ತೆಯಲ್ಲಿ ಎರಡನೇ ಸಲಕ್ಕೆ ಯಾರು ಕಾಯುತ್ತಾರೆ? ಅದಕ್ಕೆ ಪೈಪಿನಲ್ಲಿ ಒತ್ತಡ ಉಳಿಸುವ ವಾಲ್ವ್ ಹಾಕಬೇಕು, ಒತ್ತಡದ ಅಳತೆ ಪಿಎಸ್‌ಐ. ಡ್ರಮ್ಮಿಗೆ 10 ಪಿಎಸ್‌ಐನದು, ಡಿಸ್ಕಿಗೆ 2 ಪಿಎಸ್‌ಐನದು. ಅದಲುಬದಲು ಮಾಡಿ ಡಿಸ್ಕಿಗೆ 10ರದು ಹಾಕಿದರೆ ಬ್ರೇಕ್ ಯಾವಾಗಲೂ ಉಜ್ಜುತ್ತಲೇ ಇರುತ್ತದೆ.

ಪೈಪುಗಳ ತುದಿಗೆ ಎರಡು ಮಡಿಕೆಯ ಫ್ಲೇರ್ (ಅಗಲಿಸಿದ ಬಾಯಿ) ಮಾಡಿ. ನೀರಿನ ಪೈಪಿನ ಫಿಟ್ಟಿಂಗು ಇಲ್ಲಿ ನಡೆಯುವುದಿಲ್ಲ. ಸೈಲೆನ್ಸರಿನಿಂದ ದೂರ ಎಳೆಯಿರಿ. ಏರ್ ತೆಗೆದ ಮೇಲೆ ಪೆಡಲ್ ತುಳಿದು, ಕೋಲು ಕೊಟ್ಟು ಒತ್ತಿಟ್ಟು, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪ್ರತಿ ಜಾಯಿಂಟಿನ ಕೆಳಗೆ ಕಾಗದ ಒತ್ತಿ ನೋಡಿ. ನನ್ನಲ್ಲಿ ಹಿಂದಿನ ಬಲಗಡೆ ಒಂದೇ ಒಂದು ಕಡಲೆ ಗಾತ್ರದ ಕಲೆ ಬಂತು. ಅದನ್ನೂ ಬಿಚ್ಚಿ ಮತ್ತೆ ಮಾಡಿದೆ.

ಎಂಜಿನ್

ಮಾಡೆಲ್ ಎ ಎಂಜಿನ್ ಸೀಳಿದ್ದರಿಂದ ಫೋರ್ಡಿನದೇ ಫ್ಲಾಟ್‌ಹೆಡ್ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರ್ ಇರುವ ಎಂಜಿನ್) ಹುಡುಕಿದೆ. 1932ರಲ್ಲಿ ಇದು ಬಂದಾಗ 221 ಘನ ಇಂಚು, 65 ಕುದುರೆ ಶಕ್ತಿ. ನನಗೆ ಸಿಕ್ಕಿದ್ದು ಯುದ್ಧ ಮುಗಿದ ಮೇಲಿನ 59ಎ ಬಗೆ, 239 ಘನ ಇಂಚು, 100 ಕುದುರೆ ಶಕ್ತಿ. ಶೆವ್ರೊಲೆ ವಿ8 ಹಾಕಿದರೆ ಕೆಲಸ ಸಲೀಸು, ಶಕ್ತಿಯೂ ಜಾಸ್ತಿ, ಅದು ನಿಜ. ಆದರೆ ಬಾನೆಟ್ ಇಲ್ಲದ ಗಾಡಿಯಲ್ಲಿ ಎಂಜಿನ್ ಎಲ್ಲರಿಗೂ ಕಾಣುತ್ತದೆ, ಅಲ್ವಾ? ನನಗೆ ಆ ಹಳೆ ಮುಖವೇ ಬೇಕಿತ್ತು.

ಇದೂ ನಿಂತ ಎಂಜಿನ್ನೇ, ಜಾಮ್ ಆಗಿತ್ತು. ಇಲ್ಲಿ ಜನ ಮಾಡುವ ದೊಡ್ಡ ತಪ್ಪು ಸೆಲ್ಫ್ ಹೊಡೆಯುವುದು, ಇಲ್ಲವೇ ಗೇರಿಗೆ ಹಾಕಿ ಎಳೆಸುವುದು. ರಿಂಗ್ ಮುರಿಯುತ್ತದೆ, ಪಿಸ್ಟನ್ ಒಡೆಯುತ್ತದೆ. ಫ್ಲಾಟ್‌ಹೆಡ್‌ನಲ್ಲಿ ಒಂದು ಅನುಕೂಲ ಇದೆ. ವಾಲ್ವುಗಳೆಲ್ಲ ಬ್ಲಾಕಿನೊಳಗೇ ಇರುವುದರಿಂದ ಹೆಡ್ ಅನ್ನುವುದು ಬರೀ ಮುಚ್ಚಳ. ತೆಗೆದರೆ ಎಲ್ಲ ಕಣ್ಣಿಗೆ ಕಾಣುತ್ತದೆ. ತೆಗೆಯುವುದೇ ಕಷ್ಟ. ಒಂದೊಂದು ಹೆಡ್ಡಿಗೂ 24 ಸ್ಟಡ್ (ತಲೆಯಿಲ್ಲದ ಬೋಲ್ಟು), ಎಲ್ಲವೂ ತುಕ್ಕಿನಲ್ಲಿ ಅಂಟಿರುತ್ತವೆ. ಉಳಿ ಬಡಿದು ಎಬ್ಬಿಸಬೇಡಿ, ಬ್ಲಾಕಿನ ಮುಖಕ್ಕೆ ಗಾಯವಾಗುತ್ತದೆ. ಆಟೋಮ್ಯಾಟಿಕ್ ಗೇರ್ ಎಣ್ಣೆ ಅರ್ಧ, ಅಸಿಟೋನ್ ಅರ್ಧ ಬೆರೆಸಿ ದಿನಾ ಬೆಳಿಗ್ಗೆ ಸಂಜೆ ಪ್ರತಿ ಸ್ಟಡ್ಡಿನ ಬುಡಕ್ಕೂ ಬಿಡಿ. ಬೆರೆಸಿದ್ದು ಬೇಗ ಹೊತ್ತಿಕೊಳ್ಳುತ್ತದೆ, ಬೆಂಕಿಯಿಂದ ದೂರ ಇಡಿ. ಎರಡು ವಾರ ಹೀಗೆ ಮಾಡಿಯೂ ನನ್ನಲ್ಲಿ ಐದು ಸ್ಟಡ್ ಮುರಿದವು. ಮುರಿದ ಮೋಟಿನ ಮೇಲೆ ನಟ್ಟಿಟ್ಟು, ಒಳಗಿನಿಂದ ವೆಲ್ಡಿಂಗ್ ಹಾಕಿ, ಬಿಸಿ ಇಳಿಯುವ ಹೊತ್ತಿಗೆ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಅಲುಗಿಸಿದರೆ ಬರುತ್ತದೆ. ನಾಲ್ಕು ಹಾಗೆ ಬಂದವು. ಐದನೆಯದನ್ನು ಕೊರೆಸಬೇಕಾಯಿತು.

ಹೆಡ್ ತೆಗೆದಾಗ ಒಂದು ವಿಚಿತ್ರ ಕಂಡಿತು. ಎಂಟು ಸಿಲಿಂಡರುಗಳಲ್ಲಿ ಐದು ಕನ್ನಡಿಯ ಹಾಗಿದ್ದವು, ಮೂರು ಮಾತ್ರ ಕೆಂಪು ಮಣ್ಣು. ಸ್ವಲ್ಪ ಹೊತ್ತು ನೋಡಿದ ಮೇಲೆ ಅರ್ಥವಾಯಿತು. ಎಂಜಿನ್ ಕೊನೆಯ ಸಲ ನಿಂತಾಗ ಆ ಮೂರರಲ್ಲಿ ವಾಲ್ವು ಅಗಲಕ್ಕೆ ತೆರೆದುಕೊಂಡೇ ನಿಂತಿತ್ತು. ಸೈಲೆನ್ಸರಿನಿಂದ, ಕಾರ್ಬ್ಯುರೇಟರಿನಿಂದ ತೇವದ ಗಾಳಿ ಅಷ್ಟೂ ವರ್ಷ ಅಲ್ಲಿಗೇ ಹೋಗಿದೆ. ಹಾಗಾಗಿ ಜಾಮ್ ಆದ ಎಂಜಿನ್ ಅಂದರೆ ಎಲ್ಲ ಹೋಯಿತು ಅಂತಲ್ಲ. ಸಾಮಾನ್ಯವಾಗಿ ಒಂದೆರಡು ಸಿಲಿಂಡರ್ ಇಡೀ ಎಂಜಿನ್ನನ್ನು ಹಿಡಿದು ಕೂತಿರುತ್ತವೆ. ಆ ಮೂರಕ್ಕೆ ಮಾತ್ರ ಎಣ್ಣೆ ತುಂಬಿದೆ. ಪಿಸ್ಟನ್ ಮೇಲಿನ ಗೋಡೆಯ ತುಕ್ಕನ್ನು ಮೊದಲು ಉಜ್ಜಿ ತೆಗೆದೆ, ಇಲ್ಲದಿದ್ದರೆ ಪಿಸ್ಟನ್ ಮೇಲೆ ಬರುವಾಗ ರಿಂಗು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಮರದ ತುಂಡಿಟ್ಟು ಮೆಲ್ಲಗೆ ತಟ್ಟುತ್ತಾ, ಮುಂದಿನ ಪುಲ್ಲಿಗೆ ಉದ್ದನೆಯ ಸಲಾಕೆ ಹಾಕಿ ಆ ಕಡೆ ಈ ಕಡೆ. ಹನ್ನೊಂದನೇ ದಿನ ಕೂದಲೆಳೆಯಷ್ಟು ಅಲುಗಿತು. ಅಲುಗಿದ ಮೇಲೆ ಬಲ ಹಾಕುವ ಆಸೆ ಬರುತ್ತದೆ, ಹಾಕಬೇಡಿ. ಅಷ್ಟನ್ನೇ ಹಿಂದೆ ಮುಂದೆ ಮಾಡುತ್ತಾ ಹೋಗಿ.

ತಿರುಗಿತು ಅಂತ ಹಾಗೇ ಜೋಡಿಸಬೇಡಿ. ಈ ಬ್ಲಾಕುಗಳು ವಾಲ್ವ್ ಸೀಟಿಗೂ ಸಿಲಿಂಡರಿಗೂ ನಡುವೆ ಬಿರುಕು ಬಿಡುವುದರಲ್ಲಿ ಹೆಸರುವಾಸಿ. ಪೂರ್ತಿ ಬಿಚ್ಚಿ, ತೊಳೆಸಿ, ಅಯಸ್ಕಾಂತದ ಪುಡಿ ಹಾಕಿ ಬಿರುಕು ಹುಡುಕುವ ಮೆಷಿನ್ ಶಾಪಿಗೆ ಕಳಿಸಿ. ಬಿರುಕು ಸಿಲಿಂಡರಿನೊಳಕ್ಕೆ ಹೋಗಿದ್ದರೆ ಸ್ಲೀವ್ (ಒಳಗೆ ಕೂರುವ ಹೊಸ ಕೊಳವೆ) ಹಾಕಿಸಬೇಕು, ಇಲ್ಲವೇ ಬೇರೆ ಬ್ಲಾಕ್ ನೋಡಬೇಕು. ಹೊಸ ರಿಂಗು, ಬೇರಿಂಗಿನ ಖರ್ಚು ಆ ವರದಿ ಬಂದ ಮೇಲೆ.

ಫ್ಲಾಟ್‌ಹೆಡ್ ಕಾಯುತ್ತದೆ ಅನ್ನುವ ದೂರು ಹಳೆಯದು. ಕಾರಣ ಇದೆ. ಸುಟ್ಟ ಹೊಗೆ ಬ್ಲಾಕಿನೊಳಗಿನ ನೀರಿನ ನಡುವೆಯೇ ಹಾದು ಹೊರಗೆ ಬರಬೇಕು. ಒಂದೊಂದು ಕಡೆ ನಾಲ್ಕು ಸಿಲಿಂಡರ್, ಆದರೆ ಹೊಗೆಗೆ ಮೂರೇ ಬಾಯಿ. ನಡುವಿನ ಎರಡಕ್ಕೆ ಒಂದೇ ಬಾಯಿ. ಆದರೆ ಅರ್ಧ ದೂರಿಗೆ ಕಾರಣ ಕೊಳೆ. ಎರಕ ಹೊಯ್ದಾಗಿನ ಮರಳು, ಕಬ್ಬಿಣದ ತಂತಿ ಎಷ್ಟೋ ಬ್ಲಾಕುಗಳ ನೀರಿನ ದಾರಿಯಲ್ಲಿ ಇವತ್ತಿಗೂ ಕೂತಿವೆ. ಬೈಸಿಕಲ್ ಬ್ರೇಕಿನ ಹಳೆ ಕೇಬಲ್ ತುದಿ ಬಿಚ್ಚಿ ಕುಚ್ಚು ಮಾಡಿ, ಡ್ರಿಲ್ಲಿಗೆ ಸಿಕ್ಕಿಸಿ ಪ್ರತಿ ತೂತಿನೊಳಗೂ ಬಿಟ್ಟೆ. ಎರಡು ಹಿಡಿ ಮರಳು, ಗೇಣುದ್ದದ ಒಂದು ತಂತಿ ಬಂತು. ಮಾಡೆಲ್ ಎ ರೇಡಿಯೇಟರ್ ಈ ಎಂಜಿನ್ನಿಗೆ ಸಾಲದು, ದಪ್ಪನೆಯ ಹೊಸದು ಬೇಕು. ಹೆಡ್ ಸ್ಟಡ್ಡುಗಳ ತುದಿ ನೀರಿನೊಳಕ್ಕೆ ಇಳಿಯುವುದರಿಂದ ಅವುಗಳ ಮರೆಗೆ (ಥ್ರೆಡ್ಡಿಗೆ) ಸೀಲರ್ ಹಚ್ಚದೆ ಹಾಕಿದರೆ ಪ್ರತಿ ನಟ್ಟಿನ ಕೆಳಗೂ ನೀರು ಜಿನುಗುತ್ತದೆ.

ಮುಂದಿನ ಆಕ್ಸಲ್, ಬಾಡಿ, ವೈರಿಂಗ್

ಗಾಡಿ ಮುಂದೆ ತಗ್ಗಿ ಹಿಂದೆ ಎತ್ತರ ಕಾಣಬೇಕಾದರೆ 4 ಇಂಚು ತಗ್ಗಿಸಿದ ಆಕ್ಸಲ್ ಸಿಗುತ್ತದೆ, ಅದನ್ನು ತನ್ನಿ. ಹಳೆ ಆಕ್ಸಲ್ ಕಾಯಿಸಿ ನೀವೇ ಬಗ್ಗಿಸಬೇಡಿ. ವಿಷ್‌ಬೋನ್ (ಮುಂದಿನ ಆಕ್ಸಲನ್ನು ಹಿಂದಕ್ಕೆ ಹಿಡಿದಿಡುವ ವಿ ಆಕಾರದ ರಾಡು) ಕತ್ತರಿಸಿ ಎರಡು ಕಡೆಗೆ ಹಂಚುವುದಾದರೆ ಆಕ್ಸಲ್ ಎರಕದ್ದಾಗಿರದೆ, ಇಂಗ್ಲಿಷ್ ಐ ಅಕ್ಷರದ ಆಕಾರದಲ್ಲಿ ಬಡಿದು ಮಾಡಿದ್ದೇ ಆಗಿರಲಿ. ಒಂದು ಚಕ್ರ ಗುಂಡಿಗೆ ಇಳಿದಾಗ ಅದು ಸ್ವಲ್ಪ ತಿರುಚಿಕೊಂಡು ತಡೆದುಕೊಳ್ಳುತ್ತದೆ. ಪೈಪ್ ಆಕ್ಸಲ್ ತಿರುಚುವುದಿಲ್ಲ, ಬದಲಿಗೆ ಬೇರೇನೋ ಮುರಿಯುತ್ತದೆ. ಕ್ಯಾಸ್ಟರ್ (ಚಕ್ರ ತಿರುಗುವ ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಓರೆ) 5ರಿಂದ 7 ಡಿಗ್ರಿ, ಟೋ-ಇನ್ (ಮುಂದಿನ ಚಕ್ರಗಳು ಮುಂಭಾಗದಲ್ಲಿ ಒಳಕ್ಕೆ ತಿರುಗಿರುವಷ್ಟು) 1.5ರಿಂದ 3 ಮಿ.ಮೀ. ಅಡ್ಡ ಸ್ಪ್ರಿಂಗಿನ ತುದಿಯ ಕೊಂಡಿ, ಅಂದರೆ ಶಾಕಲ್, ಗಾಡಿಯ ಭಾರ ಬಿದ್ದಾಗ ಸುಮಾರು 45 ಡಿಗ್ರಿ ನಿಲ್ಲಬೇಕು. ಮೊದಲ ಓಟದಲ್ಲಿ ಸ್ಟೀರಿಂಗ್ ಹುಚ್ಚು ಹಿಡಿದ ಹಾಗೆ ಅದುರಿದರೆ ಕಿಂಗ್‌ಪಿನ್, ಕ್ಯಾಸ್ಟರ್, ಟೋ, ಈ ಮೂರನ್ನು ಇದೇ ಸಾಲಿನಲ್ಲಿ ನೋಡಿ. ಅದುರು ತಡೆಯುವ ಡ್ಯಾಂಪರ್ ಹಾಕಿ ಮುಚ್ಚಿಡಬೇಡಿ.

ಬಾಡಿ ಕೆಲಸದಲ್ಲಿ ಒಂದೇ ಗುಟ್ಟು. ತೇಪೆ ಹಾಕುವ ಮೊದಲು ಬಾಡಿಯನ್ನು ಸಿದ್ಧವಾದ ಫ್ರೇಮಿನ ಮೇಲೆ ಕೂರಿಸಿ, ಬಾಗಿಲು ನೇತುಹಾಕಿ, ಸಂದಿ ಸಮ ಮಾಡಿಕೊಳ್ಳಿ. ಆಮೇಲೆ ತಳಪಟ್ಟಿ, ಆಮೇಲೆ ತಗಡು. ತಗಡಿಗೂ ಫ್ರೇಮಿನದೇ ನಿಯಮ, ಚುಕ್ಕೆ ಚುಕ್ಕೆಯಾಗಿ, ದೂರ ದೂರ. ಪುಟ್ಟಿ ಕೊನೆಗೆ, ತೆಳ್ಳಗೆ. ಚಾವಣಿ ಕತ್ತರಿಸಿ ತಗ್ಗಿಸುವ ಆಸೆ ಎಲ್ಲರಿಗೂ ಬರುತ್ತದೆ. ನಾನು ಗಾಡಿ ಓಡಲಿ ಆಮೇಲೆ ನೋಡೋಣ ಅಂದುಕೊಂಡೆ. ಓಡಿದ ಮೇಲೆ ಆಸೆ ಹೋಯಿತು, ತಲೆ ತಾಗದೆ ಕೂರುವುದು ಎಷ್ಟು ಸುಖ ಅಂತ ಗೊತ್ತಾಯಿತು.

ವೈರಿಂಗ್ ಹಳೆಯದು ಒಂದಿಂಚೂ ಉಳಿಸಬೇಡಿ. ಬಟ್ಟೆ ಸುತ್ತಿದ ತಂತಿ ಬೆರಳಲ್ಲೇ ಪುಡಿಯಾಗುತ್ತದೆ. ಈ ಗಾಡಿ 6 ವೋಲ್ಟಿನದು, ಅದೂ ಪ್ಲಸ್ ಬಾಡಿಗೆ. 12 ವೋಲ್ಟಿಗೆ, ಮೈನಸ್ ಬಾಡಿಗೆ ಬದಲಿಸುವಾಗ ಬಲ್ಬು, ಕಾಯಿಲ್, ಮೀಟರುಗಳನ್ನೂ ನೋಡಿಕೊಳ್ಳಬೇಕು. ಫ್ಯೂಸ್ ಪೆಟ್ಟಿಗೆ, ಕೈಗೆ ಸಿಗುವ ಹಾಗೆ ಬ್ಯಾಟರಿ ಕಟ್ ಸ್ವಿಚ್, ಇವೆರಡೂ ಇರಲಿ.

ಮೊದಲ ಸದ್ದು

ಪ್ಲಗ್ ಹಾಕದೆ, ಕಾಯಿಲ್ ತಂತಿ ಕಳಚಿ, ಸೆಲ್ಫ್ ಹತ್ತು ಸೆಕೆಂಡಿನ ಹಾಗೆ ಬಿಟ್ಟು ಬಿಟ್ಟು ಹೊಡೆಯಿರಿ. ಆಯಿಲ್ ಮೀಟರಿನ ಮುಳ್ಳು ಏಳುವವರೆಗೆ ಬೇರೆ ಕೆಲಸ ಇಲ್ಲ. ಆಮೇಲೆ ಪ್ಲಗ್ ಹಾಕಿ, ತಂತಿಗಳನ್ನು 1-5-4-8-6-3-7-2 ಕ್ರಮದಲ್ಲಿ ಇನ್ನೊಬ್ಬರ ಕೈಲಿ ಓದಿಸಿಕೊಂಡು ನೋಡಿ. ನಾನು ಒಬ್ಬನೇ ನೋಡಿ ಎರಡು ತಂತಿ ಅದಲುಬದಲು ಮಾಡಿದ್ದೆ. ಕಾರ್ಬ್ಯುರೇಟರಿನಿಂದ ಬೆಂಕಿ ಉಗುಳಿ ಹುಬ್ಬಿನ ಅರ್ಧ ಹೋಯಿತು. ಬೆಂಕಿ ಆರಿಸುವ ಸಿಲಿಂಡರನ್ನು ಶೆಡ್ಡಿನ ಮೂಲೆಯಲ್ಲಿ ಇಡಬೇಡಿ, ಅದನ್ನು ಹಿಡಿದುಕೊಂಡು ಪಕ್ಕದಲ್ಲಿ ಒಬ್ಬರು ನಿಲ್ಲಲಿ.

ಎರಡನೇ ಸಲಕ್ಕೆ ಹಿಡಿಯಿತು. ಯಜಮಾನರಿಗೆ ಫೋನ್ ಹಚ್ಚಿ ಎಂಜಿನ್ ಹತ್ತಿರ ಹಿಡಿದೆ. ಅವರು ಸ್ವಲ್ಪ ಹೊತ್ತು ಕೇಳಿ, "ಬ್ರೇಕ್ ಹಿಡಿಯುತ್ತಾ ಏನಪ್ಪ?" ಅಂದರು.

ಮೊದಲ ದಿನ ಗೇಟಿನವರೆಗೆ ಹೋಗಿ ಬ್ರೇಕ್ ಹಾಕಿ ವಾಪಸ್. ಅದೇ ಹತ್ತು ಸಲ. ಎರಡನೇ ದಿನ 5 ಕಿ.ಮೀ. ಪ್ರತಿ ಸಲ ಬಂದ ಮೇಲೆ ಡ್ರಮ್ಮುಗಳ ಮೇಲೆ ಕೈ ಆಡಿಸಿ ನೋಡಿ. ಒಂದು ಮಾತ್ರ ಉಳಿದವುಗಳಿಗಿಂತ ಬಿಸಿ ಇದ್ದರೆ ಅಲ್ಲಿ ಶೂ ಉಜ್ಜುತ್ತಿದೆ. 30 ಕಿ.ಮೀ. ಆದ ಮೇಲೆ ಹೆಡ್ ನಟ್ಟುಗಳನ್ನು ಕ್ರಮವಾಗಿ ಮತ್ತೆ ಬಿಗಿಯಿರಿ. ಸ್ಪ್ರಿಂಗಿನ ಯು-ಬೋಲ್ಟು, ಸ್ಟೀರಿಂಗ್ ರಾಡುಗಳ ನಟ್ಟು, ಹಿಂದಿನ ಡ್ರಮ್ಮುಗಳ ನಟ್ಟು, ಎಲ್ಲಕ್ಕೂ ಸ್ಪ್ಯಾನರ್ ಹಾಕಿ ನೋಡಿ. 150 ಕಿ.ಮೀ. ಆದಾಗ ಇನ್ನೊಮ್ಮೆ. ನನ್ನ ಪುಸ್ತಕದಲ್ಲಿ ಆ ದಿನ ಬರೆದದ್ದು ಇಷ್ಟು: ಹೆಡ್ ಸರಿ, ಸ್ಟೀರಿಂಗ್ ಸರಿ, ಹಿಂದಿನ ಎಡ ಡ್ರಮ್ ನಟ್ಟು ಕಾಲು ಸುತ್ತು ಬಂತು, ಹೊಸ ಸ್ಪ್ಲಿಟ್ ಪಿನ್ ಹಾಕಿದೆ.